ಹಿರಿಯ ತಾಯಂದಿರ ಮುಯ್ಯಾಳು



ತೊಗರಿ ಕೊಯ್ಯುವ ಕಾಲಕ್ಕೆ ಆಳು ಸಿಗದಿದ್ದರೆ ನೀವು ಏನು ಮಾಡುತ್ತೀರಿ? "ಇವತ್ತು ನಮ್ಮ ಹೊಲಕ್ಕ ನೀವು ಬರ್ರಿ, ನಾಳಿಗಿ ನಿಮ್ಮ ಹೊಲಕ್ಕ ನಾವು ಬರ್ತೀವಿ" ಎಂದು ನಾಲ್ಕು ಮನೆಯವರು ಮಾತಾಡಿಕೊಳ್ಳುತ್ತೀರಿ. ರೊಕ್ಕದ ಲೆಕ್ಕವಿಲ್ಲ, ಆಳಿಗೆ ಆಳು, ದಿನಕ್ಕೆ ದಿನ. ಇದೇ ಮುಯ್ಯಾಳು. ಈ ಹಳೆಯ ಪದ್ಧತಿಯನ್ನು ನಮ್ಮ ಹಿರಿಯ ಹೆಣ್ಣುಮಕ್ಕಳು ತಮ್ಮ ಆರೋಗ್ಯಕ್ಕೂ ದಿನದ ಬಾಳುವೆಗೂ ಹೇಗೆ ಹೊಂದಿಸಿಕೊಳ್ಳಬಹುದು ಎಂಬುದೇ ಈ ಹೊತ್ತಿನ ಮಾತು.

"ಕೃಷಿ ಇಲಾಖೆಯವರು ಬೀಜ ಗೊಬ್ಬರದ ಮಾತು ಬಿಟ್ಟು ಮುದುಕ್ಯಾರ ಮಾತು ಯಾಕ ತಗದಾರ?" ಎಂದು ಕೆಲವರು ಕೇಳಬಹುದು. ಕಾರಣ ಉಂಟು. ಬಿತ್ತಲಿಕ್ಕೆ ಜೋಳದ ತೆನೆ ಆರಿಸಿ ಇಡುವವರು ಯಾರು? ಕಾಳಿಗೆ ಬೇವಿನ ಎಲೆ ಸೇರಿಸಿ, ಬೂದಿ ಬೆರೆಸಿ ಹುಳ ಬೀಳದಂತೆ ಕಾಯುವವರು ಯಾರು? ಎಮ್ಮೆಯ ಕರು, ಕೋಳಿ, ಮೊಮ್ಮಕ್ಕಳು, ಮನೆಯ ಬಾಗಿಲು, ಎಲ್ಲವೂ ಆಯಿಯ ಕೈಯಲ್ಲಿಯೇ ಇರುತ್ತವೆ. ಆ ಆಯಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದರೆ ಆಕೆಯ ಕೆಲಸವೂ ನಿಂತಿತು, ಆಕೆಯನ್ನು ನೋಡಿಕೊಳ್ಳಲು ಸೊಸೆಯೂ ಹೊಲ ಬಿಟ್ಟಳು. ಮೇಲೆ ದವಾಖಾನೆಯ ಖರ್ಚು. ಎಷ್ಟೋ ಮನೆಗಳಲ್ಲಿ ಎತ್ತು ಮಾರುವ ಪ್ರಸಂಗ ಬರುವುದು ಇಂಥ ಹೊತ್ತಿನಲ್ಲಿಯೇ. ಆದುದರಿಂದ ಇದು ಒಕ್ಕಲುತನದ ಮಾತೂ ಹೌದು.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲ್ಲೂಕುಗಳಿಂದ ದುಡಿಯುವ ವಯಸ್ಸಿನವರು ಪುಣೆ, ಮುಂಬೈ, ಹೈದರಾಬಾದ, ಬೆಂಗಳೂರು ಎಂದು ಕೆಲಸಕ್ಕೆ ಹೋಗುತ್ತಾರೆ. ಊರಿನಲ್ಲಿ ಉಳಿಯುವವರು ವಯಸ್ಸಾದವರು ಮತ್ತು ಮಕ್ಕಳು. ನಮ್ಮಲ್ಲಿ ಗಂಡ ಹೆಂಡತಿಗಿಂತ ಕೆಲವು ವರ್ಷ ದೊಡ್ಡವನಾಗಿರುವುದು ರೂಢಿ. ಹೆಣ್ಣಿಗೆ ಆಯುಷ್ಯವೂ ತುಸು ಹೆಚ್ಚು. ಹೀಗಾಗಿ ಮುಪ್ಪಿನಲ್ಲಿ ಒಂಟಿಯಾಗಿ ಉಳಿಯುವವರಲ್ಲಿ ಹೆಂಗಸರೇ ಹೆಚ್ಚು.

ಇನ್ನೊಂದು ಸಂಗತಿ ಗಮನಿಸಿರಿ. ನಮ್ಮ ರಾಜ್ಯದಲ್ಲಿ ಮಹಿಳಾ ಸಮಾಖ್ಯಾದ ಸಂಘಗಳು 1989ರಲ್ಲಿ ಆರಂಭವಾದವು. ಸ್ತ್ರೀಶಕ್ತಿ ಸಂಘಗಳು 2000-01ರಲ್ಲಿ ಊರೂರಿಗೆ ಬಂದವು. ಆಗ ನಲವತ್ತು ವರ್ಷದವರಾಗಿ ಸಂಘಕ್ಕೆ ಸೇರಿದವರು ಇಂದು ಅರವತ್ತೈದು ಮುಟ್ಟಿದ್ದಾರೆ. ವಾರಕ್ಕೆ ಹತ್ತು ರೂಪಾಯಿ ಕೂಡಿಸಿದ, ಒಬ್ಬರ ಸಾಲಕ್ಕೆ ಹತ್ತು ಮಂದಿ ಜಾಮೀನು ನಿಂತ ರೂಢಿ ಅವರಿಗೆ ಇದೆ. ಈಗ ಹೊಸ ಸಾಲದ ಗರಜು ಇಲ್ಲವೆಂದು ಅವರು ಸಂಘಕ್ಕೆ ಬರುವುದನ್ನು ಬಿಡುತ್ತಾರೆ. ಬಿಡಬಾರದು. ಸಾಲದ ಗರಜು ಮುಗಿದ ಮೇಲೆಯೇ ಜೊತೆಯ ಗರಜು ಹುಟ್ಟುವುದು.

ಹಾಗಾದರೆ ಏನು ಮಾಡಬೇಕು? ದೊಡ್ಡ ಸಭೆ ಬೇಡ. ಒಂದು ಓಣಿಯ ನಾಲ್ಕೈದು ಮಂದಿ ಹಿರಿಯ ಹೆಣ್ಣುಮಕ್ಕಳು ಒಂದು ಜೊತೆ ಕಟ್ಟಿಕೊಂಡರೆ ಸಾಕು. ಎತ್ತಿನ ಹೆಗಲಿಗೆ ನೊಗ ಇಡದ ಸೋಮವಾರ ಸಂಜೆ ಒಬ್ಬರ ಕಟ್ಟೆಯ ಮೇಲೆ ಕೂಡಿರಿ. ಮಾಡಬೇಕಾದ ಕೆಲಸಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಮುಂಜಾನೆಯ ಕೂಗು. ನೀರು ತರುವ ಹೊತ್ತಿಗೆ ಪಕ್ಕದ ಮನೆಯ ಬಾಗಿಲಲ್ಲಿ ನಿಂತು "ಯಕ್ಕಾ, ಎದ್ದೀ ಏನು?" ಎಂದು ಕೂಗಿರಿ. ಉತ್ತರ ಬಂದರೆ ಸರಿ. ಬಾರದಿದ್ದರೆ ಒಳಗೆ ಹೋಗಿ ನೋಡಿರಿ. ರಾತ್ರಿ ಕಾಲು ಜಾರಿ ಬಿದ್ದ ಆಯಿ ಮಧ್ಯಾಹ್ನದವರೆಗೆ ಯಾರಿಗೂ ತಿಳಿಯದೆ ಬಿದ್ದಿರುವಂತಾಗಬಾರದು. ಮುಟ್ಟು ನಿಂತ ಮೇಲೆ ಹೆಂಗಸರ ಎಲುಬು ಟೊಳ್ಳಾಗುತ್ತ ಹೋಗುತ್ತದೆ. ಸಣ್ಣ ಬೀಳುವಿಕೆಗೂ ಚಪ್ಪೆಯ ಎಲುಬು ಮುರಿಯುತ್ತದೆ. ರಾತ್ರಿ ಹೊರಗೆ ಹೋಗುವಾಗ ಕೈಯಲ್ಲಿ ಬ್ಯಾಟರಿ ಇರಲಿ, ಸಾಧ್ಯವಾದರೆ ಇಬ್ಬರು ಕೂಡಿ ಹೋಗಿರಿ.

ಎರಡನೆಯದು, ಗುಳಿಗೆಯ ಲೆಕ್ಕ. ಇದು ಎಲ್ಲಕ್ಕಿಂತ ಮುಖ್ಯ. ಮೂವತ್ತು ವರ್ಷ ದಾಟಿದ ಯಾರಿಗಾದರೂ ಬಿಪಿ ಮತ್ತು ಸಕ್ಕರೆ ಬೇನೆಯ ತಪಾಸಣೆ ಊರಿನ ಉಪಕೇಂದ್ರದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಆಗುತ್ತದೆ, ಗುಳಿಗೆಯೂ ಉಚಿತ. ಮತ್ತೆ ಮತ್ತೆ ನೋಡಿದಾಗಲೂ ಬಿಪಿ 140ಕ್ಕೆ 90, ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಬೇನೆ. ಆದರೆ ಈ ಬೇನೆಗೆ ನೋವಿಲ್ಲ. ಒಬ್ಬ ಆಯಿ ಇದ್ದಾಳೆಂದು ಇಟ್ಟುಕೊಳ್ಳಿರಿ. ಒಂದು ತಿಂಗಳು ಗುಳಿಗೆ ನುಂಗಿದಳು, ತಲೆಭಾರ ಹೋಯಿತು. "ಆರಾಮ ಆಗ್ಯದ, ಇನ್ನ್ಯಾಕ ಗುಳಿಗಿ?" ಎಂದು ಬಿಟ್ಟಳು. ಇಲ್ಲವೆ ಗುಳಿಗೆ ತೀರಿತು, ತಂದುಕೊಡುವ ಮಗ ಪುಣೆಯಲ್ಲಿದ್ದಾನೆ. ಬಿಪಿ ಒಳಗೊಳಗೆ ಏರಿ ಒಂದು ದಿನ ಲಕ್ವಾ ಹೊಡೆಯುತ್ತದೆ. ಆರಾಮ ಆದದ್ದು ಗುಳಿಗೆಯಿಂದ. ಗುಳಿಗೆ ಬಿಟ್ಟರೆ ಆರಾಮವೂ ಬಿಟ್ಟಂತೆ. ಆದುದರಿಂದ ಸೋಮವಾರ ಎಲ್ಲರೂ ತಮ್ಮ ಗುಳಿಗೆಯ ಚೀಟಿಯನ್ನು ತಂದು ಎಣಿಸಿರಿ. ಯಾರಿಗೆ ಏಳು ದಿನಕ್ಕಿಂತ ಕಡಿಮೆ ಉಳಿದಿದೆಯೋ ಅವರೊಡನೆ ಒಬ್ಬರು ದವಾಖಾನೆಗೆ ಹೋಗಲಿ. ಓದಲು ಬಾರದಿದ್ದರೆ ಮುಂಜಾನೆಯ ಗುಳಿಗೆಯ ಮೇಲೆ ಸೂರ್ಯನ ಗುರುತು, ರಾತ್ರಿಯದರ ಮೇಲೆ ಚಂದ್ರನ ಗುರುತು ಮೊಮ್ಮಗಳಿಂದ ಬರೆಸಿರಿ.

ಒಂದು ಎಚ್ಚರಿಕೆ. "ನನ್ನ ಗುಳಿಗಿ ನನಗ ಗುಣಾ ಕೊಟ್ಟದ, ನೀನೂ ಒಂದು ನುಂಗು" ಎಂದು ಎಂದಿಗೂ ಕೊಡಬೇಡಿರಿ. ಬೀಜಕ್ಕೆ ಬೀಜ ಕೈಗಡ ಕೊಡಬಹುದು, ಗುಳಿಗೆಯನ್ನಲ್ಲ.

ಲಕ್ವಾದ ಗುರುತು ಎಲ್ಲರಿಗೂ ಗೊತ್ತಿರಲಿ. ಬಾಯಿ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಎತ್ತಲು ಬಾರದಿರುವುದು, ಮಾತು ತೊದಲುವುದು. ಇವುಗಳಲ್ಲಿ ಒಂದು ಕಂಡರೂ ಕೂಡಲೆ 108ಕ್ಕೆ ಫೋನ್ ಮಾಡಿರಿ. ಎಷ್ಟು ಗಂಟೆಗೆ ಶುರುವಾಯಿತು ಎಂಬುದನ್ನು ನೆನಪಿಡಿರಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಸುಮಾರು ನಾಲ್ಕೂವರೆ ತಾಸಿನೊಳಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಆಳಂದ, ಜೇವರ್ಗಿಯಿಂದ ಕಲಬುರಗಿ ಸುಮಾರು 40 ಕಿಲೋಮೀಟರು, ಅಫಜಲಪುರದಿಂದ ಇನ್ನೂ ದೂರ. ನಾಟಿ ಔಷಧ, ಮಂತ್ರ ಎಂದು ಒಂದು ದಿನ ಕಳೆದರೆ ಆ ಕೈ ಮತ್ತೆ ರೊಟ್ಟಿ ತಟ್ಟಲಾರದು.

ಮೂರನೆಯದು, ಕಾಲು ನೋಡುವುದು. ಸಕ್ಕರೆ ಬೇನೆ ಇದ್ದವರಿಗೆ ಅಂಗಾಲಿನ ಅರಿವು ಕಡಿಮೆಯಾಗುತ್ತದೆ. ಜೋಳದ ಕೂಳೆ ಚುಚ್ಚಿದರೂ, ಜಾಲಿಮುಳ್ಳು ಮುರಿದರೂ ತಿಳಿಯದು. ಗಾಯ ಕೊಳೆತ ಮೇಲೆ ಕಾಲನ್ನೇ ತೆಗೆಯಬೇಕಾದೀತು. ತನ್ನ ಅಂಗಾಲು ತನಗೆ ಕಾಣದು, ಅದರಲ್ಲೂ ಮಂಜು ಕಣ್ಣಿನವರಿಗೆ. ಆದುದರಿಂದ ಒಬ್ಬರ ಅಂಗಾಲನ್ನು ಒಬ್ಬರು ನೋಡಿರಿ. ಇದರಲ್ಲಿ ನಾಚಿಕೆ ಏನೂ ಇಲ್ಲ. ಎತ್ತಿನ ಗೊರಸು ನೋಡುವುದಿಲ್ಲವೆ? ಚಪ್ಪಲಿ ಇಲ್ಲದೆ ಹೊಲಕ್ಕೆ ಹೋಗಬೇಡಿರಿ. ಕಣ್ಣಿಗೆ ಪೊರೆ ಬಂದಿದ್ದರೆ ಸರಕಾರಿ ದವಾಖಾನೆಯಲ್ಲಿ ಉಚಿತ ಶಸ್ತ್ರಚಿಕಿತ್ಸೆ ಉಂಟು. ಅಂಜುವವರೊಡನೆ ಮೊದಲೇ ಮಾಡಿಸಿಕೊಂಡವರು ಜೊತೆಗೆ ಹೋಗಲಿ. ವೈದ್ಯರ ನೂರು ಮಾತಿಗಿಂತ "ನಂಗ ಕಾಣ್ತದ ನೋಡವ್ವಾ, ಸೂಜಿ ಪೋಣಿಸ್ತೀನಿ" ಎಂಬ ಒಂದು ಮಾತು ಹೆಚ್ಚು ಕೆಲಸ ಮಾಡುತ್ತದೆ.

ನಾಲ್ಕನೆಯದು, ಬಾಯಿ ಬಿಟ್ಟು ಹೇಳಲಾಗದ ಬೇನೆಗಳು. ಗರ್ಭಕೋಶ ಜಾರುವುದು, ಕೆಮ್ಮಿದರೆ ಮೂತ್ರ ಹೋಗುವುದು, ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣುವುದು, ಎದೆಯಲ್ಲಿ ಗಂಟು. ಮಗನಿಗೆ ಹೇಳಲಾಗದು, ಸೊಸೆಗೆ ಹೇಳಲು ಸಂಕೋಚ. ಸಮವಯಸ್ಸಿನ ಗೆಳತಿಗೆ ಹೇಳಬಹುದು. ಇವಕ್ಕೆಲ್ಲ ಚಿಕಿತ್ಸೆ ಉಂಟು. ಮುಟ್ಟು ನಿಂತ ಮೇಲಿನ ರಕ್ತ ಮತ್ತು ಎದೆಯ ಗಂಟು ಮಾತ್ರ ಒಂದು ವಾರವೂ ತಡೆಯುವ ಮಾತಲ್ಲ. ಮಿಶ್ರಿ ಹಚ್ಚುವವರು, ತಂಬಾಕು ಜಗಿಯುವವರು ಬಾಯಲ್ಲಿ ಎರಡು ವಾರ ಮಾಯದ ಹುಣ್ಣು, ಬಿಳಿ ಮಚ್ಚೆ ಕಂಡರೆ ತೋರಿಸಿಕೊಳ್ಳಬೇಕು. ಮಿಶ್ರಿ ಬಿಡುವುದು ಒಬ್ಬರಿಗೆ ಕಷ್ಟ. ನಾಲ್ವರು ಕೂಡಿ ಬಿಟ್ಟರೆ ಸುಲಭ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲೇಬೇಕು.

ಐದನೆಯದು, ಊಟ. ಒಂಟಿ ಹೆಂಗಸು ತನಗೊಬ್ಬಳಿಗಾಗಿ ಒಲೆ ಹಚ್ಚುವುದಿಲ್ಲ. ಚಹಾ ಕುಡಿದು, ಒಣ ರೊಟ್ಟಿ ಮುರಿದು ಮಲಗುತ್ತಾಳೆ. ಹಲ್ಲಿಲ್ಲದವರು ಅದನ್ನೂ ಬಿಡುತ್ತಾರೆ. ನಮ್ಮ ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತು ನಾಡಿನ ಹೊರಗೂ ಹೆಸರಾಗಿದೆ. ಬೆಳೆದವರ ತಾಯಿಯ ತಟ್ಟೆಯಲ್ಲಿ ಆ ಬೇಳೆ ಇಲ್ಲದಿದ್ದರೆ ಹೇಗೆ? ವಾರಕ್ಕೆ ಎರಡು ಮೂರು ದಿನ ಕೂಡಿ ಅಡಿಗೆ ಮಾಡಿರಿ. ಒಬ್ಬರದು ಜೋಳದ ನುಚ್ಚು, ಒಬ್ಬರದು ಬೇಳೆ, ಒಬ್ಬರದು ಪುಂಡಿ ಪಲ್ಯ, ಒಬ್ಬರದು ಮಜ್ಜಿಗೆ. ರೊಟ್ಟಿಯನ್ನು ಬಿಸಿ ಬೇಳೆಯಲ್ಲಿ ನೆನೆಸಿದರೆ ಹಲ್ಲಿನ ಗರಜಿಲ್ಲ. ಬಿಪಿ ಇದ್ದವರು ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಬೇಕು.

ಆರನೆಯದು, ಬಿಸಿಲು ಮತ್ತು ಹೊಳೆ. ನಮ್ಮಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ವಯಸ್ಸಾದವರಿಗೆ ನೀರಡಿಕೆ ಬೇಗ ತಿಳಿಯದು. ಮಧ್ಯಾಹ್ನ ತಂಪು ಇರುವ ಒಂದು ಮನೆಯಲ್ಲಿ ಎಲ್ಲರೂ ಕೂಡಿರಿ, ನಡುನಡುವೆ ನೀರು ಕುಡಿಸಿರಿ. ಭೀಮಾ ದಂಡೆಯ ಊರಿನವರು 2020ರ ಅಕ್ಟೋಬರದ ಮಹಾಪೂರವನ್ನೂ 2025ರ ಸೆಪ್ಟೆಂಬರದ ಮಹಾಪೂರವನ್ನೂ ಕಂಡವರು. ಮಳೆಗಾಲದಲ್ಲಿ ಗುಳಿಗೆ, ಆಧಾರ ಕಾರ್ಡು, ಬ್ಯಾಂಕಿನ ಪುಸ್ತಕ, ಕನ್ನಡಕ ಇವನ್ನು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಾಗಿಲ ಹತ್ತಿರ ಇಡಿರಿ. ನಡೆಯಲಾಗದವರು ಯಾರು, ಅವರನ್ನು ಎತ್ತರದ ಜಾಗಕ್ಕೆ ಕರೆದೊಯ್ಯುವವರು ಯಾರು ಎಂಬುದನ್ನು ಮೊದಲೇ ಗೊತ್ತು ಮಾಡಿರಿ.

ಏಳನೆಯದು, ರೊಕ್ಕದ ಕೆಲಸ. 65 ವರ್ಷ ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಮನೆಯ ಯಜಮಾನಿಗೆ ಗೃಹಲಕ್ಷ್ಮಿಯ 2,000 ರೂಪಾಯಿ 2023ರ ಆಗಸ್ಟಿನಲ್ಲಿ ಆರಂಭವಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗಿನ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿನ ಹಣವಿಲ್ಲ. ಆದ್ದರಿಂದ ದವಾಖಾನೆಗಾಗಲಿ ಬ್ಯಾಂಕಿಗಾಗಲಿ ಇಬ್ಬರು ಹೋದರೆ ಎರಡು ಖರ್ಚು ಎಂಬ ಮಾತು ಈಗ ಇಲ್ಲ. ದುಡಿದು ಸವೆದ ಬೆರಳಿನ ಗುರುತು ಯಂತ್ರಕ್ಕೆ ಹತ್ತದಿದ್ದರೆ ಆಧಾರ ಕೇಂದ್ರದಲ್ಲಿ ಮತ್ತೆ ಗುರುತು ಕೊಡಿಸಿರಿ. ಫೋನಿನಲ್ಲಿ ಬರುವ ನಂಬರನ್ನು ಯಾರು ಕೇಳಿದರೂ ಹೇಳಬೇಡಿರಿ. ಕೊಟ್ಟ ರೊಕ್ಕವನ್ನು ಗೆಳತಿಯ ಎದುರಿಗೆ ಎಣಿಸಿಕೊಳ್ಳಿರಿ.

ಕಡೆಯದು, ಮನಸ್ಸಿನ ಭಾರ. ಆಫ್ರಿಕದ ಜಿಂಬಾಬ್ವೆ ದೇಶದಲ್ಲಿ ಡಾಕ್ಟರ್ ಡಿಕ್ಸನ್ ಚಿಬಾಂಡ ಎಂಬವರು 2006ರಲ್ಲಿ ಹದಿನಾಲ್ಕು ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟರು. ದವಾಖಾನೆಯ ಅಂಗಳದ ಒಂದು ಬೆಂಚಿನ ಮೇಲೆ ಕುಳಿತು ನೊಂದವರ ಮಾತು ಕೇಳುವುದು, ಒಂದು ಕಷ್ಟಕ್ಕೆ ಒಂದು ದಾರಿ ಕೂಡಿ ಹುಡುಕುವುದು ಅಜ್ಜಿಯರ ಕೆಲಸ. ಮನೋವ್ಯಥೆಗೆ ಅಲ್ಲಿನ ಜನ "ಅತಿಯಾಗಿ ಯೋಚಿಸುವುದು" ಎನ್ನುತ್ತಾರೆ. ನಾವು ಚಿಂತೆ ಹತ್ತಿತು ಎನ್ನುವ ಹಾಗೆಯೇ. 573 ಜನರನ್ನು ಸೇರಿಸಿ ಮಾಡಿದ ಪರೀಕ್ಷೆಯ ಫಲ 2016ರಲ್ಲಿ ಪ್ರಕಟವಾಯಿತು. ಅಜ್ಜಿಯರೊಡನೆ ಮಾತಾಡಿದವರ ವ್ಯಥೆ ಆರು ತಿಂಗಳಲ್ಲಿ ಬಹಳಷ್ಟು ಇಳಿದಿತ್ತು. ನಮ್ಮ ಕಟ್ಟೆಗೆ ಈ ಬೆಂಚಿನ ಗುಣ ಇಲ್ಲವೆ? ಇದೆ. ಆದರೆ ಒಂದು ನಿಯಮ ಬೇಕು: ಕಟ್ಟೆಯ ಮಾತು ಕಟ್ಟೆಯ ಮೇಲೆಯೇ ಉಳಿಯಬೇಕು. ಒಬ್ಬರು ಅತ್ತದ್ದು ಮರುದಿನ ಬಾವಿಯ ಹತ್ತಿರ ನಗೆಯಾದರೆ ಆ ಜೊತೆ ಮುರಿಯಿತು. "ಬದುಕಿ ಏನು ಮಾಡ್ಲಿ" ಎಂದು ಯಾರಾದರೂ ಅಂದರೆ ಹಗುರ ತಿಳಿಯಬೇಡಿರಿ, ಒಂಟಿಯಾಗಿ ಬಿಡಬೇಡಿರಿ. 14416ಕ್ಕೆ ಫೋನ್ ಮಾಡಿದರೆ ಮನೋವೈದ್ಯಕೀಯ ಸಲಹೆ ಪುಕ್ಕಟೆ ದೊರೆಯುತ್ತದೆ. ಹಿರಿಯರ ಬೇರೆ ತೊಂದರೆಗಳಿಗೆ 14567 ಉಂಟು.

ಇನ್ನು ಗಂಡಸರಿಗೆ, ಸೊಸೆಯಂದಿರಿಗೆ ಎರಡು ಮಾತು. ಅತ್ತೆ ಗೆಳತಿಯರ ಜೊತೆ ಕೂಡಿದರೆ "ಮನೀ ಮಾತು ಹೊರಗ ಹೋಗ್ತದ, ನಾವು ನೋಡೋದಿಲ್ಲ ಅಂತ ಮಂದಿ ಅಂತಾರ" ಎಂದು ಬೇಸರ ಪಡಬೇಡಿರಿ. ಮುಯ್ಯಾಳು ಬಂದ ಮಾತ್ರಕ್ಕೆ ಹೊಲದ ಒಡೆಯ ಸೋಮಾರಿ ಎಂದಲ್ಲ. ಹಾಗೆಯೇ ಗೆಳತಿಯರು ಇದ್ದಾರೆಂದು ಮಕ್ಕಳ ಜವಾಬ್ದಾರಿ ಕಳೆಯುವುದೂ ಇಲ್ಲ. ತಂದೆತಾಯಿಗಳ ಪಾಲನೆಗೆ 2007ರಲ್ಲಿ ಕಾಯ್ದೆಯೇ ಆಗಿದೆ. ಮಕ್ಕಳು ಕೈಬಿಟ್ಟರೆ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಡಬಹುದು. ನೋಡಿಕೊಳ್ಳಬೇಕೆಂಬ ಷರತ್ತು ಬರೆಸಿ ಹೊಲವನ್ನು ದಾನಪತ್ರ ಮಾಡಿದ್ದು, ಪಡೆದವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಲೂ ದಾರಿ ಇದೆ. ಆದುದರಿಂದ ತಾಯಂದಿರೆ, ಯಾವ ಕಾಗದಕ್ಕೂ ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡಿರಿ. ಒತ್ತುವ ದಿನ ಗೆಳತಿ ಪಕ್ಕದಲ್ಲಿರಲಿ.

ಜೊತೆ ಕಟ್ಟುವಾಗ ಓಣಿಯ ಕಡೆಯ ಮನೆಯನ್ನು ಮರೆಯಬೇಡಿರಿ. ಯಾರ ಮನೆಗೆ ಯಾರೂ ಹೋಗುವುದಿಲ್ಲವೋ, ಮೊದಲ ಕೂಗು ಆ ಬಾಗಿಲಿಗೆ ಸೇರಬೇಕು. ಜಾತಿ ಯಾವುದು, ಮತ ಯಾವುದು ಎಂದು ಬೇನೆ ಕೇಳಿ ಬರುವುದಿಲ್ಲ.

ಈ ಎಂಟು ಕೆಲಸ ಒಮ್ಮೆಲೆ ಆಗಲಾರವು. ಬರುವ ಸೋಮವಾರ ಎರಡನ್ನು ಹಿಡಿಯಿರಿ: ಗುಳಿಗೆ ಎಣಿಸುವುದು, ಅಂಗಾಲು ನೋಡುವುದು. ಮಂಗಳವಾರ ಮುಂಜಾನೆಯಿಂದ ಬಾಗಿಲಲ್ಲಿ ನಿಂತು ಕೂಗಿರಿ. ಉಳಿದವು ತಾವಾಗಿ ಬರುತ್ತವೆ. ಓಣಿಯ ಆಶಾ ಕಾರ್ಯಕರ್ತೆಗೆ ನಿಮ್ಮ ಜೊತೆಯ ವಿಷಯ ತಿಳಿಸಿರಿ. ಅವರ ಕೆಲಸವೂ ಹಗುರಾದೀತು.

ಎಲ್ಲರಿಗೂ ಆರೋಗ್ಯವಿರಲಿ, ಬೆಳೆ ಕೈಗೆ ಹತ್ತಲಿ.