ಅಲಬಾಮಾದ ಹತ್ತಿ, ಅಮೃತೂರಿನ ತೆಂಗು
(ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣ)



ಭೂಗೋಳ ಪಾಠ ಹೇಳಿಯೇ ನಿವೃತ್ತನಾದವನ ಕೈಗೆ ಮೈಕು ಕೊಟ್ಟಿದ್ದೀರಿ. ನಕ್ಷೆ ಬಿಚ್ಚದೆ ಮಾತಾಡುವುದು ನನಗೆ ಕಷ್ಟ. ಇಂದು ಅಮೆರಿಕದ ದಕ್ಷಿಣದ ಅಲಬಾಮಾ ರಾಜ್ಯವನ್ನೂ ನಮ್ಮ ಕುಣಿಗಲ್ ಸೀಮೆಯನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ಅಲಬಾಮಾದ ಉತ್ತರಕ್ಕೆ ಅಪಲಾಚಿಯನ್ ಬೆಟ್ಟಸಾಲಿನ ಕೊನೆ. ದಕ್ಷಿಣದ ತುದಿಯಲ್ಲಿ ಮೆಕ್ಸಿಕೊ ಕೊಲ್ಲಿ, ಮೊಬೀಲ್ ಬಂದರು. ನಡುವೆ ಕಪ್ಪು ಮಣ್ಣಿನ ಒಂದು ಪಟ್ಟಿ. ಅಲ್ಲಿ ಹತ್ತಿ ಹುಲುಸಾಗಿ ಬೆಳೆಯಿತು. ಬೆವರು ಸುರಿಸಿದವರು ಆಫ್ರಿಕಾ ಮೂಲದ ಗುಲಾಮರು. 1865ರಲ್ಲಿ ಗುಲಾಮಗಿರಿ ರದ್ದಾಯಿತು; ಆದರೆ ಭೂಮಿ ಅವರ ಕೈಗೆ ಬರಲಿಲ್ಲ. ಬಹುಪಾಲು ಜನ ವಾರಕ್ಕೆ ಉಳುವವರಾದರು. ಸಾಲ ಕೊಟ್ಟ ಸಾಹುಕಾರ ‘ಹತ್ತಿಯನ್ನೇ ಹಾಕು’ ಎನ್ನುತ್ತಿದ್ದ. ವರ್ಷ ವರ್ಷವೂ ಅದನ್ನೇ ಬೆಳೆದು ಮಣ್ಣು ಸೊರಗಿತು.

ಈ ನಡುವೆ ಹತ್ತಿಕಾಯಿ ಕೊರೆಯುವ ಒಂದು ಮೂತಿಹುಳು ಮೆಕ್ಸಿಕೊದಿಂದ 1892ರ ಸುಮಾರಿಗೆ ಟೆಕ್ಸಾಸ್ ಹೊಕ್ಕು, 1910ರ ಹೊತ್ತಿಗೆ ಅಲಬಾಮಾ ಮುಟ್ಟಿತು. ಹತ್ತಿಯೊಂದನ್ನೇ ನಂಬಿದವರ ಗತಿ ಏನಾಯಿತೆಂದು ನಾನು ಹೇಳಬೇಕಿಲ್ಲ. ಅದೇ ರಾಜ್ಯದ ಟಸ್ಕೀಗಿ ವಿದ್ಯಾಸಂಸ್ಥೆಯಲ್ಲಿ 1896ರಿಂದ ಪಾಠ ಹೇಳುತ್ತಿದ್ದ ಜಾರ್ಜ್ ವಾಷಿಂಗ್ಟನ್ ಕಾರ್ವರ್, ಗುಲಾಮಳ ಮಗನಾಗಿ ಹುಟ್ಟಿದವರು. ‘ಹತ್ತಿಯ ಜೊತೆಗೆ ಅಲಸಂದೆ, ಕಡಲೆಕಾಯಿ ಹಾಕಿ, ಮಣ್ಣು ಚೇತರಿಸಿಕೊಳ್ಳುತ್ತದೆ’ ಎಂಬುದು ಬಡ ರೈತರಿಗೆ ಅವರು ಕಲಿಸಿದ ಪಾಠ. ಎಂಟರ್‌ಪ್ರೈಸ್ ಎಂಬ ಊರಿನ ಸುತ್ತಿನ ರೈತರು ಕಡಲೆಕಾಯಿಗೆ ತಿರುಗಿ ಚೇತರಿಸಿಕೊಂಡರು. 1919ರಲ್ಲಿ ಊರ ನಡುವೆ ಆ ಹುಳುವಿಗೇ ಒಂದು ಸ್ಮಾರಕ ಕಟ್ಟಿಸಿದರು! ಬುದ್ಧಿ ಕಲಿಸಿದ ಶತ್ರುವಿಗೆ ಸಂದ ಗೌರವ ಅದು.

ಈಗ ನಮ್ಮ ನಕ್ಷೆಗೆ ಬನ್ನಿ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷೆ ನಮ್ಮ ಮಾರ್ಕೋನಹಳ್ಳಿಯಲ್ಲಿ ತಂಗಿ, ಮಂಡ್ಯದ ಕಡೆ ಇಳಿದು ಕಾವೇರಿ ಸೇರುತ್ತದೆ. ಅಣೆಕಟ್ಟಿನ ಸೈಫನ್ ನೋಡಿದ್ದೀರಲ್ಲ? ಕೆರೆ ತುಂಬಿದಾಗ ಒಳಗಿನ ಗಾಳಿಯನ್ನು ನೀರೇ ಹೊರದಬ್ಬಿ ತಾನಾಗಿ ಹೊರಹರಿಯುತ್ತದೆ. ಮಟ್ಟ ಇಳಿದಾಗ ಗಾಳಿ ಹೊಕ್ಕು ತಾನಾಗಿ ನಿಲ್ಲುತ್ತದೆ. ಯಾರೂ ಬಾಗಿಲು ಎತ್ತಬೇಕಿಲ್ಲ. ಅಚ್ಚುಕಟ್ಟಿನಲ್ಲಿ ಭತ್ತ, ಮೇಲಿನ ಕೆಂಪು ಮಣ್ಣಿನಲ್ಲಿ ರಾಗಿ: ಇದು ನಾವು ಕಂಡು ಬೆಳೆದ ಅಮೃತೂರು.

ಆ ರಾಗಿ ಹೊಲದಲ್ಲಿ ರಾಗಿ ಒಂದೇ ಇರುತ್ತಿರಲಿಲ್ಲ. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ. ಮಳೆ ಒಂದಕ್ಕೆ ಕೈಕೊಟ್ಟರೆ ಇನ್ನೊಂದು ಉಳಿಯುತ್ತಿತ್ತು. ದ್ವಿದಳದ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಅದರಿಂದ ಮಣ್ಣಿಗೆ ಬಲ. ಕಾರ್ವರ್ ಕಲಿಸಿದ ಪಾಠವನ್ನು ನಮ್ಮ ಅಜ್ಜಿಯರು ಹೆಸರಿಡದೆ ಮಾಡುತ್ತಿದ್ದರು.

ಇಂದು ಆ ಹೊಲಗಳಲ್ಲಿ ತೆಂಗು, ಅಡಿಕೆ ನಿಂತಿವೆ. ರೈತರನ್ನು ನಾನು ದೂರುವುದಿಲ್ಲ. ಮಕ್ಕಳು ಬೆಂಗಳೂರು ಸೇರಿದ್ದಾರೆ, ಕಳೆ ಕೀಳಲು ಆಳಿಲ್ಲ, ಮರವಾದರೆ ಕಾಯುತ್ತದೆ. ಆದರೆ ನುಸಿ, ಕಪ್ಪುತಲೆ ಹುಳು, ಬಿಳಿನೊಣ ತೆಂಗಿಗೆ ಬಂದದ್ದನ್ನು ನೋಡಿದ್ದೇವೆ. ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಧಾರಣೆ ಕುಸಿದರೆ ಇಲ್ಲಿ ಮದುವೆ ಮುಂದೆ ಹೋಗುತ್ತದೆ. ಕಡಲೆಕಾಯಿಯೂ ಮಂತ್ರದಂಡವಲ್ಲ. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ ಅದೊಂದನ್ನೇ ನಂಬಿದವರು ಮಳೆ ಹೋದಾಗ ಸೋತಿದ್ದಾರೆ. ಯಾವ ಬೆಳೆ ಎಂಬುದಕ್ಕಿಂತ ಎಷ್ಟು ಬೆಳೆ ಎಂಬುದು ಮುಖ್ಯ.

ಮಕ್ಕಳೇ, ನಿಮಗೊಂದು ಮನೆಗೆಲಸ. ನಿಮ್ಮ ಅಜ್ಜಿಯನ್ನು ಕೂರಿಸಿಕೊಂಡು, ಅವರ ಹೊಲದ ಅಕ್ಕಡಿಯಲ್ಲಿ ಏನೇನಿತ್ತು, ಬೀಜ ಹೇಗೆ ಕಾಪಾಡುತ್ತಿದ್ದರು ಎಂದು ಕೇಳಿ ಬರೆಯಿರಿ. ಊರಿಗೊಂದು ಪುಟವಾದರೂ ಸಾಕು. ತೋಟ ಇರುವವರು ತೆಂಗಿನ ಸಾಲುಗಳ ನಡುವೆ ಎರಡು ಸಾಲು ಅಲಸಂದೆ ಹಾಕಿ ನೋಡಿ. ಅಲಬಾಮಾದವರಿಗೆ ಬುದ್ಧಿ ಬರಲು ಹುಳು ಬರಬೇಕಾಯಿತು. ನಮಗೆ ಅಜ್ಜಿ ಇದ್ದಾರೆ. ಅವರು ಇರುವಾಗಲೇ ಕೇಳಿಕೊಳ್ಳೋಣ.