ಬಿಚ್ಚಬೇಕೇ, ಬಿಡಬೇಕೇ?



ಕಸೂತಿಯ ಗವಂತಿಯಲ್ಲಿ ಎಳೆಯೆಣಿಸಿಯೇ ಸೂಜಿ ಚುಚ್ಚಬೇಕು. ಮುಂದೆ ಹೋದ ದಾರ ಮರಳುವಾಗ ಬಿಟ್ಟ ಎಡೆಗಳನ್ನು ತುಂಬುತ್ತದೆ. ಗಂಟು ಹಾಕುವಂತಿಲ್ಲ, ಬಟ್ಟೆಯ ಎರಡೂ ಮೈ ಒಂದೇ ತೆರನಾಗಿ ಕಾಣಬೇಕು. ಒಂದು ಎಳೆ ತಪ್ಪಿದರೆ ಗೋಪುರ ಕೂಡುವುದಿಲ್ಲ, ಬಿಚ್ಚಲೇಬೇಕು. ಕೌದಿಯ ಮಾತು ಬೇರೆ. ಹೊಲಿಗೆ ಓರೆಯಾದರೂ ಪದರಗಳು ಹಿಡಿದಿದ್ದರೆ ಹೊದ್ದವರಿಗೆ ಬೆಚ್ಚಗೇ ಇರುತ್ತದೆ. ಅದನ್ನು ಬಿಚ್ಚಹೊರಟರೆ ಹಳೆಯ ಸೀರೆ ಹರಿಯುವುದಷ್ಟೇ ಲಾಭ!

1956ರಲ್ಲಿ ಹೈದರಾಬಾದ್ ರಾಜ್ಯ ಒಡೆದಾಗ ಉಮರಗಾ, ನಿಲಂಗಾ, ಉದಗೀರಗಳು ಮುಂಬಯಿ ರಾಜ್ಯಕ್ಕೆ ಸೇರಿದವು, 1960ರಿಂದ ಮಹಾರಾಷ್ಟ್ರದಲ್ಲಿವೆ. ನಮ್ಮ ಮಕ್ಕಳ ಪ್ರಬಂಧಗಳಲ್ಲಿ ಮರಾಠಿ ಬೆರೆಯುವುದು ಸಹಜ. ಕೆಂಪು ಶಾಯಿ ಹಿಡಿದ ಶಿಕ್ಷಕರಲ್ಲಿ ನನ್ನ ವಿನಂತಿ: ಒತ್ತಕ್ಷರ, ವಿಭಕ್ತಿ ತಪ್ಪಿದ್ದರೆ ಅಳಿಸಿ ಮತ್ತೆ ಬರೆಯಿಸಿರಿ. ರಜೆಯೆಂಬಲ್ಲಿ ‘ಸೂಟಿ’ ಬಂದಿದ್ದರೆ ಇರಲಿ ಬಿಡಿರಿ. ಅದನ್ನೂ ಹೊಡೆದುಹಾಕಿದರೆ ಮಗು ಬರೆಯುವುದನ್ನೇ ನಿಲ್ಲಿಸೀತು. ಹಿರಿಯ ಶಿಕ್ಷಕರು ಇದನ್ನಿನ್ನೂ ಒಪ್ಪಿಲ್ಲ.