ಆಕಾಶಕ್ಕೊಂದು ಹಗ್ಗ: ಬಾಹ್ಯಾಕಾಶ ಲಿಫ್ಟ್ ಎಲ್ಲಿಗೆ ಬಂತು?



ಭೂಮಿಯಿಂದ ಬಾಹ್ಯಾಕಾಶದವರೆಗೆ ಹಗ್ಗ ಕಟ್ಟಿ, ಅದನ್ನು ಹಿಡಿದು ಏರುವ ಗಾಡಿಯಲ್ಲಿ ಸಾಮಾನು ಸಾಗಿಸಬಹುದೇ? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಭೌತವಿಜ್ಞಾನದ ಯಾವ ನಿಯಮವೂ ಇದಕ್ಕೆ ಅಡ್ಡ ಬರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕು ಹಗ್ಗದ್ದೇ.

ಈಗ ಬಾಹ್ಯಾಕಾಶಕ್ಕೆ ಸಾಮಾನು ಒಯ್ಯುವುದು ರಾಕೆಟ್ಟು; ಅದಕ್ಕೆ ಎಷ್ಟು ಖರ್ಚಾಗುತ್ತದೆಂದು ಮೊದಲು ನೋಡೋಣ. ಜಗಳೂರಿನವರಿಗೆ ಮಳೆಯ ಬೆಲೆಯನ್ನು ನಾನು ಹೇಳಬೇಕಿಲ್ಲ. ಮೋಡಗಳ ಚಿತ್ರ ತೆಗೆಯುವ ಇನ್ಸಾಟ್-3ಡಿಎಸ್ ಉಪಗ್ರಹ 2024ರ ಫೆಬ್ರವರಿ 17ರಂದು ಶ್ರೀಹರಿಕೋಟದಿಂದ ಹೊರಟಿತು. ಅದರ ತೂಕ 2,274 ಕಿ.ಗ್ರಾಂ. ಅದನ್ನು ಹೊತ್ತ ಜಿಎಸ್‌ಎಲ್‌ವಿ ರಾಕೆಟ್ಟಿನದು ಸುಮಾರು 420 ಟನ್! ಇದರಲ್ಲಿ ಬಹುಪಾಲು ಇಂಧನ. ಆ ಇಂಧನದ ಭಾರ ಎತ್ತುವುದಕ್ಕೂ ಇಂಧನವೇ ಬೇಕು. ಅಷ್ಟು ಖರ್ಚಾದ ಮೇಲೂ ಉಪಗ್ರಹ ತನ್ನ ನೆಲೆ ತಲುಪಿರುವುದಿಲ್ಲ. ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯ ಎಂಜಿನಿಯರುಗಳು ಅದರ ಸ್ವಂತ ಎಂಜಿನ್ ಉರಿಸಿ, ಹಂತಹಂತವಾಗಿ 35,786 ಕಿ.ಮೀ. ಎತ್ತರಕ್ಕೆ ಏರಿಸುತ್ತಾರೆ. 1982ರಿಂದ ಈ ಕೆಲಸ ನಮ್ಮ ಪಕ್ಕದ ಆ ಊರಿನಲ್ಲಿ ನಡೆದುಬಂದಿದೆ.

ಆ ಎತ್ತರದಲ್ಲೇ ಗುಟ್ಟಿದೆ. ಅಲ್ಲಿ, ಸಮಭಾಜಕದ ನೇರಕ್ಕೆ ಸುತ್ತುವ ಉಪಗ್ರಹ ಭೂಮಿಯ ಜೊತೆಜೊತೆಗೇ ಒಂದು ಸುತ್ತು ಮುಗಿಸುತ್ತದೆ. ಹಾಗಾಗಿ ನಮ್ಮ ಕಣ್ಣಿಗೆ ಅದು ನಿಂತಲ್ಲೇ ನಿಂತಿರುತ್ತದೆ. ಹೊನ್ನಾಳಿಯ ಮನೆಯ ಮೇಲಿನ ಟಿವಿ ಡಿಶ್ಶನ್ನು ಒಮ್ಮೆ ಹೊಂದಿಸಿ ಬೋಲ್ಟ್ ಬಿಗಿದರೆ ಸಾಕಾಗುವುದು ಇದರಿಂದಲೇ. 1895ರಲ್ಲಿ ರಷ್ಯದ ತ್ಸಿಯೊಲ್ಕೊವ್‌ಸ್ಕಿ ಐಫೆಲ್ ಗೋಪುರದ ಪ್ರೇರಣೆಯಿಂದ, ಅಷ್ಟು ಎತ್ತರದ ಗೋಪುರವನ್ನು ಊಹಿಸಿಕೊಂಡರು. ಅಂಥ ಗೋಪುರ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. 1960ರಲ್ಲಿ ಯೂರಿ ಆರ್ಟ್ಸುತಾನೊವ್ ಯೋಚನೆಯನ್ನು ತಲೆಕೆಳಗು ಮಾಡಿದರು: ಕೆಳಗಿನಿಂದ ಕಟ್ಟುವುದು ಬೇಡ, ಮೇಲಿನಿಂದ ಹಗ್ಗ ಇಳಿಬಿಡೋಣ. ಕೆಳಗಿನ ಭಾಗವನ್ನು ಭೂಮಿ ಎಳೆಯುತ್ತದೆ. ಇನ್ನೂ ಮೇಲೆ ಚಾಚಿದ ಭಾಗ ತಿರುಗುವ ರಭಸಕ್ಕೆ ಹೊರಕ್ಕೆ ಜಗ್ಗುತ್ತದೆ. ಎರಡೂ ಸಮನಾದರೆ ಹಗ್ಗ ಬಿಗಿಯಾಗಿ ನಿಲ್ಲುತ್ತದೆ. 1975ರಲ್ಲಿ ಅಮೆರಿಕದ ಜೆರೋಮ್ ಪಿಯರ್ಸನ್ ಹಗ್ಗದ ದಪ್ಪವನ್ನೂ ಲೆಕ್ಕ ಹಾಕಿಕೊಟ್ಟರು: ನಡುವೆ, ಉಪಗ್ರಹಗಳ ಎತ್ತರದಲ್ಲಿ ಅತಿ ದಪ್ಪ, ಎರಡು ತುದಿಗಳತ್ತ ಸಣ್ಣ.

ಇನ್ನು ಹಗ್ಗದ ವಿಚಾರ. ಚನ್ನಗಿರಿಯ ಅಡಿಕೆ ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ. ಗೊನೆ ಕೊಯ್ಯಲು, ಔಷಧಿ ಹೊಡೆಯಲು ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ಅಷ್ಟುದ್ದದ ಕಬ್ಬಿಣದ ಕೊಳವೆಯನ್ನು ಒಬ್ಬರೇ ಎತ್ತಿ ನಿಲ್ಲಿಸಲಾರರು. ವಸ್ತು ಎಷ್ಟು ಗಟ್ಟಿ ಎನ್ನುವುದಷ್ಟೇ ಅಲ್ಲ, ತನ್ನ ತೂಕಕ್ಕೆ ಎಷ್ಟು ಗಟ್ಟಿ ಎನ್ನುವುದು ಮುಖ್ಯ. ಒಳ್ಳೆಯ ಉಕ್ಕಿನ ತಂತಿಯನ್ನು ಇಳಿಬಿಟ್ಟರೆ ಇಪ್ಪತ್ತು-ಮೂವತ್ತು ಕಿ.ಮೀ. ಉದ್ದಕ್ಕೆ ತನ್ನ ಭಾರಕ್ಕೇ ತುಂಡಾಗುತ್ತದೆ. ಕೆವ್ಲಾರ್ ಎಂಬ ಕೃತಕ ನಾರು ಸುಮಾರು 250 ಕಿ.ಮೀ. ತಾಳುತ್ತದೆ. ಒಂದೇ ದಪ್ಪದ ಬಾಹ್ಯಾಕಾಶ ಹಗ್ಗಕ್ಕೆ ಇದೇ ಅಳತೆಯಲ್ಲಿ 4,900 ಕಿ.ಮೀ.ಗೂ ಮೀರಿದ ತಾಳಿಕೆ ಬೇಕು. ದಪ್ಪವನ್ನು ಪಿಯರ್ಸನ್ ಹೇಳಿದಂತೆ ಹಂಚಿದರೆ ಬೇಡಿಕೆ ತಗ್ಗುತ್ತದೆ, ಆದರೆ ಉಕ್ಕಿಗೆ ಎಟುಕುವಷ್ಟಲ್ಲ.

1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಕಾರ್ಬನ್ ನ್ಯಾನೊ ಕೊಳವೆಗಳನ್ನು, ಅಂದರೆ ಇಂಗಾಲದ ಪರಮಾಣುಗಳಿಂದಾದ ಅತಿ ಸೂಕ್ಷ್ಮ ಕೊಳವೆಗಳನ್ನು, ವಿವರಿಸಿದ ಮೇಲೆ ಆಸೆ ಚಿಗುರಿತು. ಬಿಡಿ ಕೊಳವೆಗೆ ಬೇಕಾದ ಬಲವಿದೆ. ಆದರೆ ಚೀನಾದ ತ್ಸಿಂಗ್‌ಹುವಾ ವಿಶ್ವವಿದ್ಯಾಲಯದವರು 2013ರಲ್ಲಿ ಬೆಳೆಸಿದ ಅತಿ ಉದ್ದದ ಕೊಳವೆ ಸುಮಾರು ಅರ್ಧ ಮೀಟರ್. ಅಂಥವನ್ನು ಹೊಸೆದು ಹಗ್ಗ ಮಾಡಿದರೆ ಎಳೆಗಳು ಒಂದರಿಂದೊಂದು ಜಾರುತ್ತವೆ; ಒಂದು ಪರಮಾಣು ತಪ್ಪಿದರೂ ಬಲ ಕುಗ್ಗುತ್ತದೆ. ಅರ್ಧ ಮೀಟರಿನಿಂದ ಲಕ್ಷ ಕಿಲೋಮೀಟರಿಗೆ ಹೋಗಬೇಕು. ನಿಜವಾದ ದೂರ ಇದು.

ಹಗ್ಗ ಸಿಕ್ಕರೂ ಗಾಡಿಗೆ ಶಕ್ತಿ ಬೇಕು. ಇಲ್ಲಿ ಪ್ರಗತಿ ಕಾಣುತ್ತದೆ: 2009ರಲ್ಲಿ ಲೇಸರ್‌ಮೋಟಿವ್ ತಂಡದ ಯಂತ್ರ, ಹೆಲಿಕಾಪ್ಟರಿನಿಂದ ಇಳಿಬಿಟ್ಟ ಸುಮಾರು ಒಂದು ಕಿ.ಮೀ. ಕೇಬಲ್ಲನ್ನು ನೆಲದಿಂದ ಬಿಟ್ಟ ಲೇಸರ್ ಬೆಳಕಿನ ಬಲದಿಂದಲೇ ಏರಿ ನಾಸಾದ 9 ಲಕ್ಷ ಡಾಲರ್ ಬಹುಮಾನ ಪಡೆಯಿತು. ಗಟ್ಟಿ ಹಗ್ಗಕ್ಕೆ ಇಟ್ಟಿದ್ದ ಬಹುಮಾನವನ್ನು ಮಾತ್ರ ಯಾರೂ ಗೆಲ್ಲಲಿಲ್ಲ. ಹಗ್ಗಕ್ಕೆ ಬೇರೆ ಅಪಾಯಗಳೂ ಇವೆ. 1996ರಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆಯಿಂದ ಬಿಚ್ಚುತ್ತಿದ್ದ ಸುಮಾರು 20 ಕಿ.ಮೀ. ತಂತಿ ಅದರಲ್ಲೇ ಹುಟ್ಟಿದ ವಿದ್ಯುತ್ತಿನ ಕಿಡಿಗೆ ಸುಟ್ಟು ಹರಿದುಹೋಯಿತು. ಸಿಡಿಲು, ಬಾಹ್ಯಾಕಾಶದ ಕಸ, ಸಮಭಾಜಕ ದಾಟುವ ಸಾವಿರಾರು ಉಪಗ್ರಹಗಳು ಬೇರೆ. ಜಪಾನಿನ ಒಬಯಾಶಿ ಕಂಪನಿ 96,000 ಕಿ.ಮೀ. ಹಗ್ಗದ ಲಿಫ್ಟನ್ನು 2050ಕ್ಕೆ ಕಟ್ಟುವುದಾಗಿ 2012ರಲ್ಲಿ ಹೇಳಿತು. ಆ ಗಡುವು ಕೈಗೂಡುತ್ತದೆಂದು ನನಗೆ ನಂಬಿಕೆಯಿಲ್ಲ.

ಚನ್ನಗಿರಿ ಸಮಭಾಜಕಕ್ಕಿಂತ 14 ಡಿಗ್ರಿ ಉತ್ತರದಲ್ಲಿದೆ, ಅಂದರೆ ಸುಮಾರು 1,550 ಕಿ.ಮೀ. ಲಿಫ್ಟಿನ ಬುಡ ಇಲ್ಲಿ ಊರಲಾಗದು. ಅದಕ್ಕೆ ಸಮಭಾಜಕದ ಸಮುದ್ರವೇ ಸೂಕ್ತ. ಆದರೆ ಹಗ್ಗದ ವಿಜ್ಞಾನಕ್ಕೆ ಅಕ್ಷಾಂಶದ ಹಂಗಿಲ್ಲ. ಸಿ.ಎನ್.ಆರ್. ರಾವ್ ಅವರು ಕಟ್ಟಿದ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಕವಲೊಡೆದ ನ್ಯಾನೊ ಕೊಳವೆಗಳು ತಯಾರಾಗಿವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ. ಸೂದ್ ತಂಡ, ಇಂಥ ಕೊಳವೆಗಳ ಮೇಲೆ ದ್ರವ ಹರಿದರೆ ವಿದ್ಯುತ್ತು ಹುಟ್ಟುತ್ತದೆಂದು 2003ರಲ್ಲಿ ತೋರಿಸಿತು. ಲಿಫ್ಟ್ ಎಂದಾದರೂ ಆಗಲಿ, ಈ ಸಂಶೋಧನೆಯಿಂದ ಹಗುರ ಸೇತುವೆ, ಹಗುರ ವಿಮಾನ, ಇನ್ನೂ ಹಗುರವಾದ ದೋಟಿ ಮೊದಲೇ ಬಂದಾವು.

ನ್ಯಾಮತಿ, ಜಗಳೂರಿನ ಪದವಿ ಕಾಲೇಜುಗಳಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ ಓದುತ್ತಿರುವ ಮಕ್ಕಳಲ್ಲಿ ನನ್ನದೊಂದು ಮನವಿ. ಜಕ್ಕೂರಿನ ಕೇಂದ್ರ ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಅಧ್ಯಾಪಕರು ಮಾಹಿತಿ ತರಿಸಿ ಸೂಚನಾ ಫಲಕಕ್ಕೆ ಹಾಕಲಿ. ನೀವು ಅರ್ಜಿ ಹಾಕಿ.